ಮೊಂಡು ಚೂರಿಯ ಸಾಕ್ಷಿ

ನಮ್ಮ ಬೀದಿಯ ಸಾಣೆಯಣ್ಣನಿಗೆ ಕಾಲೂ ಬಾಯೂ ಒಟ್ಟಿಗೇ ಓಡುತ್ತಿದ್ದವು. ಸೈಕಲ್ಲಿಗೆ ಸ್ಟ್ಯಾಂಡು ಹಾಕಿ ಪೆಡಲ್ ತುಳಿದರೆ ಸಾಣೆಕಲ್ಲು ಗಿರ್ರೆನ್ನುವುದು, ಅದರ ಜೊತೆಗೇ ಇವನ ಹರಟೆ. ಅಂಥವನು ಕೋರ್ಟಿನಿಂದ ಸಮನ್ಸ್ ಬಂದಾಗ ಮೂರು ದಿನ ಸೈಕಲ್ಲನ್ನೇ ಹೊರಗೆ ತೆಗೆಯಲಿಲ್ಲ.

ಆದದ್ದಿಷ್ಟು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಿಗೂ ತರಕಾರಿಯವನಿಗೂ ಕೊಳೆತ ಟೊಮೆಟೊ ವಿಚಾರಕ್ಕೆ ಜಗಳ ಹತ್ತಿ, ಮಾತಿಗೆ ಮಾತು ಬೆಳೆದು, ಅಡುಗೆಯವನು ಚೂರಿ ಹಾಕಿದ. ಒಂದೇ ಪೆಟ್ಟು, ಅದೂ ತೊಡೆಗೆ. ಆದರೆ ರಕ್ತ ನಿಲ್ಲದೆ ತರಕಾರಿಯವನು ತೀರಿಕೊಂಡ. ಹಿಂದಿನ ದಿನವಷ್ಟೇ ಅಡುಗೆಯವನು ಮೂರು ಚೂರಿಗಳಿಗೆ ಸಾಣೆ ಹಿಡಿಸಿದ್ದ. ಕೊಲ್ಲಬೇಕೆಂದೇ ತಯಾರಾಗಿದ್ದಾನೆ, ಇದು ಕೊಲೆಯೇ ಎಂದು ಪೊಲೀಸರ ವಾದ. ಅದಕ್ಕೆ ಸಾಕ್ಷಿ ನಮ್ಮ ಸಾಣೆಯಣ್ಣ.

ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ಹೌದು, ಹೌದು ಎಂದ. ಕೊನೆಗೆ ಗುರುತು ಹಿಡಿಯಲೆಂದು ಆ ಚೂರಿಯನ್ನು ತೋರಿಸಿದರು. ಕನ್ನಡಕ ಏರಿಸಿ ಅಂಚನ್ನು ನೋಡಿದ.

"ಇದು ನಾನು ಸಾಣೆ ಹಿಡಿದದ್ದಲ್ಲ ಸ್ವಾಮಿ. ವರ್ಷದಿಂದ ಇದು ಕಲ್ಲಿನ ಮುಖಾನೇ ನೋಡಿಲ್ಲ. ಮೊನೆ ಇದೆ, ಹರಿತ ಇಲ್ಲ."

ಅನುಮಾನವಿಲ್ಲವೇ ಎಂದು ನ್ಯಾಯಾಧೀಶರೇ ಕೇಳಿದರು. ನಲವತ್ತು ವರ್ಷದ ಕಸುಬು ಎಂದ ಇವನು. ಸಾಣೆ ಹಿಡಿದ ಮೂರೂ ಚೂರಿಗಳು ಅಂದು ಕ್ಯಾಂಟೀನಿನ ಗೋಡೆಯಲ್ಲೇ ತೂಗುತ್ತಿದ್ದವೆಂದು ಪೊಲೀಸರ ಫೋಟೋಗಳೇ ಹೇಳಿದವು.

ಹೊರಗೆ ಬಂದಾಗ ಸತ್ತವನ ಹೆಂಡತಿ ಅಡ್ಡ ನಿಂತಳು. "ಚೂರಿ ಮೊಂಡಾಗಿದ್ರೆ ಏನಣ್ಣ, ನಮ್ಮನೆಯವರು ಹೋಗ್ಲಿಲ್ವಾ?"

"ಹೋದ್ರಮ್ಮ. ನಾನು ಕಣ್ಣಿಗೆ ಕಂಡಿದ್ದನ್ನಷ್ಟೇ ಹೇಳ್ದೆ," ಎಂದ ಸಾಣೆಯಣ್ಣ.

ತೀರ್ಪಿನಲ್ಲಿ ನ್ಯಾಯಾಧೀಶರು, ಮನಸ್ಸನ್ನು ಬಿಚ್ಚಿ ನೋಡಲು ಯಾರಿಗೂ ಆಗದು, ಆಯುಧ, ಪೆಟ್ಟು, ಅದು ಬಿದ್ದ ಜಾಗ, ಹಿಂದುಮುಂದಿನ ನಡತೆ ಇವುಗಳಿಂದಲೇ ಉದ್ದೇಶವನ್ನು ಅಳೆಯಬೇಕು ಎಂದರು. ಅಡುಗೆಯವನು ಸಿಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದಾನೆ. ಕೊಲ್ಲುವ ಉದ್ದೇಶ ರುಜುವಾತಾಗಿಲ್ಲ. ಆದರೆ ಚೂರಿ ಹಾಕಿದರೆ ಜೀವ ಹೋದೀತೆಂಬ ಅರಿವು ಇದ್ದೇ ಇತ್ತು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಇದು ಕೊಲೆಯಲ್ಲ, ಕೊಲ್ಲುವ ಉದ್ದೇಶವಿಲ್ಲದ ನರಹತ್ಯೆ. ಜೀವಾವಧಿಯ ಬದಲು ಏಳು ವರ್ಷ.

ಹಾಗಾದರೆ ಅಡುಗೆಯವನದೇನೂ ತಪ್ಪಿಲ್ಲವೇ ಎಂದು ಮನೆಯಲ್ಲಿ ಸಾಣೆಯಣ್ಣನ ಹೆಂಡತಿ ಕೇಳಿದಳು.

"ತಪ್ಪಿಲ್ದೆ ಏಳು ವರ್ಷ ಕೊಡ್ತಾರೇನೇ? ಕೈ ಮಾಡಿದ ತಪ್ಪು ಅವನದೇ. ಮನಸ್ಸು ಮಾಡಿರಲಿಲ್ಲ, ಅಷ್ಟೇ."

ತರಕಾರಿ ಗಾಡಿಯನ್ನು ಈಗ ಸತ್ತವನ ಹೆಂಡತಿಯೇ ತಳ್ಳುತ್ತಾಳೆ. ಮೊದಲೆರಡು ವಾರ ಸಾಣೆಯಣ್ಣನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋದಳು. ಮೂರನೆಯ ವಾರ ತಾನಾಗಿಯೇ ಗಾಡಿ ನಿಲ್ಲಿಸಿ, ಕುಂಬಳಕಾಯಿ ಹೋಳು ಮಾಡುವ ಮಚ್ಚನ್ನು ಸಾಣೆಗೆಂದು ಅವನ ಮುಂದಿಟ್ಟು, ಇಬ್ಬರಿಗೂ ಟೀ ತರಲು ಹೋದಳು.