ತೆಳ್ಳಗಾದ ಕುಡುಗೋಲು

ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣವನ್ನು ನೀವೂ ನೋಡಿರಬಹುದು. ತಾಮ್ರದ ಉಪ್ಪಾದ ಮೈಲುತುತ್ತವೂ ಸುಣ್ಣವೂ ಡ್ರಮ್ಮಿನಲ್ಲಿ ಕೂಡಿ ಆಗುವ ಆ ತಿಳಿನೀಲಿ ನನ್ನ ಕಾನ್ವೆಂಟ್ ಯೂನಿಫಾರ್ಮಿನದೇ ಬಣ್ಣ. ಯಸಳೂರಿನ ನಮ್ಮ ತೋಟದಲ್ಲಿ ಅದನ್ನು ಬೆರೆಸುವ ಮಂಜಯ್ಯ, ಬೆಳಗಿದ ಕುಡುಗೋಲೊಂದನ್ನು ಅದರಲ್ಲಿ ಅದ್ದಿ, ಒಂದು ನಿಮಿಷ ಕಾದು, ಎತ್ತಿ ನೋಡುತ್ತಾನೆ. ಮೊನ್ನೆ ಬೆಳಿಗ್ಗೆ ಅಲಗಿನ ಮೇಲೆ ಕೆಂಪು ಕೂತಿತ್ತು.

"ತಾಮ್ರ ಇನ್ನೂ ಬಿಡಿಯಾಗೇ ಐತೆ ಕಣ್ರಮ್ಮ. ಹಿಂಗೇ ಹೊಡುದ್ರೆ ಎಲೆ ಸುಟ್ಟೋಯ್ತವೆ," ಎಂದು ಇನ್ನಷ್ಟು ಸುಣ್ಣದ ನೀರು ಸುರಿದ.

ನಲವತ್ತು ವರ್ಷ ನೋಡಿದ ಆ ಕೆಂಪಿಗೆ ನಾನು ಹೆದರಿದ್ದು ಅಂದೇ ಮೊದಲು. ಒಳಗೆ ಮೇಜಿನ ಮೇಲೆ ಸೈನ್ ಮಾಡದ, ಆಸ್ಪತ್ರೆಯ ಒಪ್ಪಿಗೆ ಫಾರ್ಮ್ ಒಂದಿತ್ತು. ನನ್ನ ಕ್ಯಾನ್ಸರಿಗೆ ಬೇರೆ ಔಷಧಿಗಳೆಲ್ಲ ಸೋತಿವೆ. ಈಗ ಉಳಿದಿರುವುದು ತಾಮ್ರ ಸೇರಿಸಿ ಮಾಡಿದ, ಇನ್ನೂ ಟ್ರಯಲ್‌ನಲ್ಲಿರುವ ಒಂದು.

ಮೊಮ್ಮಗಳ ವಯಸ್ಸಿನ ಡಾಕ್ಟರ್ ಚಿತ್ರ ಬರೆದು ವಿವರಿಸಿದ್ದಳು. ಜೀವಕೋಶದ ಪೊರೆಯಲ್ಲಿ ತಾಮ್ರಕ್ಕೆಂದೇ ಬಾಗಿಲಿದೆಯಂತೆ. ಒಳಬಂದ ಕಣವನ್ನು ಅಡ್ಡಾಡಲು ಬಿಡದೆ ಪುಟ್ಟ ಪ್ರೋಟೀನುಗಳು ಕೈಹಿಡಿದು ಅದರದರ ಜಾಗಕ್ಕೆ ತಲುಪಿಸುತ್ತವಂತೆ, ಕಾನ್ವೆಂಟಿನಲ್ಲಿ ನಮ್ಮನ್ನು ಸಾಲಾಗಿ ಚಾಪೆಲ್‌ಗೆ ನಡೆಸುತ್ತಿದ್ದ ಸಿಸ್ಟರುಗಳ ಹಾಗೆ. ಕ್ಯಾನ್ಸರ್ ಕೋಶಕ್ಕೆ ತಾಮ್ರದ ಹಸಿವು ಹೆಚ್ಚು. ಆ ಹೊಟ್ಟೆಬಾಕತನದಿಂದಲೇ ಅದು ಸಾಯಲಿ ಎಂಬುದು ಔಷಧಿಯ ಉಪಾಯ. ಆದರೆ ಸಾಲು ತಪ್ಪಿಸಿ ಓಡುವ ಹುಡುಗಿಯರೂ ಇರುತ್ತಾರಲ್ಲ, ನಾನೇ ಒಬ್ಬಳಿದ್ದೆ. ಕೈ ಬಿಡಿಸಿಕೊಂಡ ತಾಮ್ರ ನನ್ನೊಳಗೆ ಎಲ್ಲಿಗೆ ಹೋದೀತು, ಯಾವ ಎಲೆಯನ್ನು ಸುಟ್ಟೀತು?

ಮಂಜಯ್ಯನಿಗೆ ಇದನ್ನೆಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ.

"ಅಲ್ರಮ್ಮ, ನಿಮ್ ಡಾಕ್ಟ್ರು ಯಾವ ಕುಡುಗೋಲು ಅದ್ದಿ ನೋಡ್ತಾರಂತೆ? ಕೇಳುದ್ರಾ?"

ಒಳಗೆ ಹೋಗಿ, ಫೋನ್ ಮಾಡಿ, ಅದನ್ನೇ ಕೇಳಿದೆ. ಹುಡುಗಿ ನಗಲಿಲ್ಲ.

"ವಾರವಾರ ನಿಮ್ಮ ರಕ್ತ ತೆಗೆದು ನೋಡ್ತೀವಮ್ಮ. ಲಿವರ್‌ಗೆ ಪೆಟ್ಟು ಬಿದ್ದ ಹಾಗೆ ಕಂಡ್ರೆ ನಿಲ್ಲಿಸ್ತೀವಿ."

"ಅಂದ್ರೆ ಸುಟ್ಟ ಮೇಲೇನೇ ಗೊತ್ತಾಗೋದು."

"ಸ್ವಲ್ಪ ಸುಟ್ಟ ಮೇಲೆ, ಹೌದಮ್ಮ."

ಅವರ ಡ್ರಮ್ಮೂ ನಾನೇ, ಅದ್ದುವ ಕುಡುಗೋಲೂ ನಾನೇ. ಭಯ ಒಂದಿಷ್ಟೂ ಇಳಿಯಲಿಲ್ಲ. ಆದರೆ ಸುಳ್ಳು ಹೇಳದ ಆ ದನಿಯನ್ನು ನಂಬಿ ಸೈನ್ ಮಾಡಿದೆ. ಸಿಸ್ಟರುಗಳು ತಿದ್ದಿ ತೀಡಿಸಿದ ನನ್ನ ಕರ್ಸಿವ್ ಅಕ್ಷರ ಸಾಲು ಬಿಟ್ಟು ಓಡಿತ್ತು.

ಹೊರಬಂದಾಗ ಮಂಜಯ್ಯ ಇನ್ನೊಮ್ಮೆ ಅದ್ದಲೆಂದು ಕುಡುಗೋಲನ್ನು ಮರಳಿನಲ್ಲಿ ಉಜ್ಜುತ್ತಿದ್ದ. ಕೆಂಪು ಹೋಗಿ ಅಲಗು ಹೊಳೆಯಿತು. ವರ್ಷವರ್ಷವೂ ಅದ್ದಿ, ಉಜ್ಜಿ, ಅದು ಅರ್ಧಕ್ಕರ್ಧ ಸವೆದಿತ್ತು. ಇಷ್ಟು ದಿನ ನಾನು ನೋಡುತ್ತಿದ್ದುದು ಎಲೆಗಳನ್ನು ಮಾತ್ರ, ಅವನ್ನು ಉಳಿಸಲು ಸವೆಯುವ ಕುಡುಗೋಲನ್ನಲ್ಲ.