ಹಿಮ ಕಾಣದ ಮನೆಯ ಮೊಳೆಗಳು

ಕಲ್ಲಿಗೆ ಉಕ್ಕು ತಾಗುವ ಸದ್ದು ಕೇಳಿದರೆ ಇವತ್ತಿಗೂ ನನ್ನ ನಡಿಗೆ ನಿಧಾನವಾಗುತ್ತದೆ. ಕಟ್, ಕಟ್, ಕಟ್. ಆ ಸದ್ದಿನ ಹಿಂದೆಯೇ ಲೇಥಿನ ಎಣ್ಣೆ ಕಾದ ವಾಸನೆ, ಅದರೊಳಗೆ ಬೆರೆತ ಜೋಳದ ರೊಟ್ಟಿಯ ವಾಸನೆ. ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿದ್ದ ನಮ್ಮ ಮನೆಯಲ್ಲಿ ಅವೆರಡೂ ಬೇರೆಬೇರೆಯಾಗಿ ಇರಲೇ ಇಲ್ಲ. ಪಡಸಾಲೆಯಲ್ಲಿ ಕಬ್ಬಿಣ ಕಡೆಯುವ ಲೇಥು, ಅದರ ಬೆನ್ನಿಗೇ ಒಲೆ. ಅಜ್ಜ ಬಿಟ್ಟುಹೋದ ಆ ಲೇಥನ್ನು ನಡೆಸುತ್ತಿದ್ದವಳು ಅಪ್ಪನ ಅಕ್ಕ, ನೀಲವ್ವತ್ತೆ. ಮದುವೆಯಾದ ಎರಡೇ ವರ್ಷಕ್ಕೆ ಒಂದು ಟ್ರಂಕು ಹಿಡಿದು ತವರಿಗೆ ಮರಳಿದವಳು. ಯಾಕೆಂದು ಅವಳು ಹೇಳಲಿಲ್ಲ. ನಾನೂ ಇಲ್ಲಿ ಊಹಿಸುವುದಿಲ್ಲ. ಕೊರಳಲ್ಲಿ ಲಿಂಗ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬೆರಳ ಸಂದಿನಲ್ಲಿ ಯಾವಾಗಲೂ ಕಬ್ಬಿಣದ ಕಪ್ಪು.

ನಾನು ಐದನೇ ಇಯತ್ತೆಯಲ್ಲಿದ್ದಾಗ ಪಡಸಾಲೆಯನ್ನು ಅಂಗಡಿಯವರಿಗೆ ಬಾಡಿಗೆಗೆ ಕೊಡುವ ಮಾತು ಎದ್ದಿತ್ತು. ದೊಡ್ಡ ಕೆಲಸವೊಂದು ಸಿಕ್ಕರೆ ಮಾತ್ರ ಲೇಥು ಉಳಿಯುತ್ತದೆ ಎಂದು ಅಪ್ಪ ಹೇಳಿಬಿಟ್ಟಿದ್ದ. ಆಗ ಬಂತು ಹಿಮದ ಮೇಲೆ ಓಡುವ ಗಾಡಿಯ ಕೆಲಸ. ವಿದೇಶಕ್ಕೆ ಬಿಡಿಭಾಗ ಕಳಿಸುವ ಏಜೆಂಟರೊಬ್ಬರು ಒಂದು ನಕ್ಷೆ, ಒಂದು ಮೊಳ ಉದ್ದದ ರಬ್ಬರ್ ಪಟ್ಟಾ, ಗಾಡಿಯ ಹೊಟ್ಟೆಯ ತಗಡಿನ ಒಂದು ತುಂಡು ತಂದರು. ಆ ಗಾಡಿಗೆ ಹಿಂದೆ ಗಾಲಿಯಿಲ್ಲ, ಪಟ್ಟಾ ಸುತ್ತುತ್ತದೆ. ಮಂಜುಗಡ್ಡೆಯ ಮೇಲೆ ಜಾರಬಾರದೆಂದು ಪಟ್ಟಾಕ್ಕೆ ಉಕ್ಕಿನ ಮೊಳೆ ಕೂರಿಸುತ್ತಾರೆ. ಅಂಥ ಮೊಳೆ ಕಡೆದು ಕೊಡಬೇಕಿತ್ತು. ಅತ್ತೆ ನಕ್ಷೆಯನ್ನು ಎರಡು ದಿನ ನೋಡಿದಳು. ಮೂರನೆಯ ದಿನ ಏಜೆಂಟರಿಗೆ, "ಮೊಳಿ ಉದ್ದ ಆಗತೈತ್ರಿ. ಪಟ್ಟಾ ತಿರುಗಿ ಮ್ಯಾಲ ಬಂದಾಗ ಗಾಡಿ ಹೊಟ್ಟಿಗೆ ಕೆರೀತೈತಿ" ಅಂದಳು.

ಏಜೆಂಟರು ನಕ್ಕರು. "ಅಕ್ಕಾರ, ನೀವು ಹಿಮಾ ನೋಡೀರೇನ್ರಿ?"

"ಇಲ್ಲರಿ. ನೀವು ನೋಡೀರೇನು?"

ಅವರೂ ನೋಡಿರಲಿಲ್ಲ. ಚಹಾದ ಬಟ್ಟಲು ಹಿಡಿದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ಅಕ್ಕಾ, ಅವರು ಕೊಟ್ಟ ಹಂಗ ಮಾಡಿ ಕೊಡಬಾರದೇನ?" ಎಂದು ಮೆಲ್ಲಗೆ ಕೇಳಿದ. "ಕೆರಿಯೂದನ್ನ ನಾ ಮಾಡಂಗಿಲ್ಲ" ಎಂದು ಅವಳು ಜೋರಾಗಿಯೇ ಹೇಳಿದಳು. ನಕ್ಷೆ ಬರೆದವರು ನಿಂತ ಪಟ್ಟಾ ಅಳೆದಿದ್ದರು. ಓಡುವ ಪಟ್ಟಾ ಕುಣಿಯುತ್ತದೆ ಎಂಬುದು ಅತ್ತೆಗೆ ಓಣಿಯ ಹಿಟ್ಟಿನ ಗಿರಣಿಯಿಂದಲೇ ಗೊತ್ತಿತ್ತು. ಅವಳು ಒಳಗೆ ಹೋಗಿ ರೊಟ್ಟಿಗೆ ನಾದಿಟ್ಟ ಹಿಟ್ಟು ತಂದಳು. ತಗಡಿನ ಅಡಿಗೆ ಅದನ್ನು ಬೆರಳ ದಪ್ಪ ಬಡಿದು ಅಂಟಿಸಿ, ನಕ್ಷೆಯಲ್ಲಿದ್ದಷ್ಟೇ ಎತ್ತರಕ್ಕೆ ಇಟ್ಟಿಗೆಯ ಮೇಲೆ ಇಟ್ಟಳು. ಕೆಳಗೆ ನಕ್ಷೆಯ ಅಳತೆಯ ಮೊಳೆ ಕೂರಿಸಿದ ಪಟ್ಟಾವನ್ನು ಎರಡೂ ಕಡೆ ಹಿಡಿದು, ಗಿರಣಿಯ ಪಟ್ಟಾ ಕುಣಿಯುವ ಹಾಗೆ ಝಾಡಿಸಿದಳು. ಮೊಳೆ ಹಿಟ್ಟು ಸೀಳಿ ತಗಡಿಗೆ ಬಡಿದು ಟಣ್ ಎಂದಿತು. ಆಮೇಲೆ ತಾನು ಎರಡು ಮಿಲಿಮೀಟರ್ ಗಿಡ್ಡ ಮಾಡಿದ ಮೊಳೆಗಳನ್ನು ಹಾಕಿ ಝಾಡಿಸಿದಳು. ಹಿಟ್ಟಿನಲ್ಲಿ ತೂತು ಮಾತ್ರ ಬಿತ್ತು.

"ಗಿಡ್ಡ ಆದರ ಹಿಡಿತ ಎಲ್ಲೈತ್ರಿ?" ಎಂದರು ಏಜೆಂಟರು. ಅದಕ್ಕೂ ಅವಳಲ್ಲಿ ಉತ್ತರವಿತ್ತು. ತುದಿಯನ್ನು ಇನ್ನಷ್ಟು ಚೂಪು ಮಾಡಿದ್ದಳು, ಒಂದು ಮೊಳೆ ಗೀರಿದ ದಾರಿಯಲ್ಲಿ ಇನ್ನೊಂದು ಬರದಂತೆ ಸಾಲು ತಪ್ಪಿಸಿದ್ದಳು. ಮರುದಿನ ಮೀನು ಮಾರುಕಟ್ಟೆಗೆ ಹೋಗುವ ಗಾಡಿಯಿಂದ ಒಂದು ಬರ್ಫದ ಲಾದಿ, ಮಂಜುಗಡ್ಡೆಯ ದೊಡ್ಡ ಹಲಗೆ, ನಮ್ಮ ಅಂಗಳಕ್ಕಿಳಿಯಿತು. "ಲಿಂಗಾಯತರ ಮನಿಗೆ ಮೀನಾ ಏನ ನೀಲವ್ವ?" ಎಂದು ಪಕ್ಕದ ಮನೆಯವರು ಕೂಗಿದರು. "ಹೂಂ, ಬರ್ರಿ, ಊಟಕ್ಕ ಕುಂದರ್ರಿ" ಎಂದಳು ಅತ್ತೆ. ಮೊಳೆ ಕೆಳಗಾಗಿ ಪಟ್ಟಾವನ್ನು ಲಾದಿಯ ಮೇಲೆ ಹಾಸಿ, ಭಾರಕ್ಕೆ ನನ್ನನ್ನೇ ಕೂರಿಸಿದರು. ಏಜೆಂಟರು ಪಟ್ಟಾಕ್ಕೆ ಕಟ್ಟಿದ ಹಗ್ಗ ಹಿಡಿದು ಎಳೆದರು. ಉದ್ದ ಮೊಳೆಯ ಪಟ್ಟಾ ಕರಕರ ಎನ್ನುತ್ತ ಸರಿಯಿತು. ಗಿಡ್ಡ ಮೊಳೆಯದು ಕದಲಲಿಲ್ಲ. ಲಂಗದ ಅಡಿಯಿಂದ ಥಂಡಿ ಏರುತ್ತಿತ್ತು. ನಾನು ಹಲ್ಲು ಕಚ್ಚಿ ಕೂತೆ, ಅತ್ತೆ ನನ್ನನ್ನೇ ನೋಡುತ್ತಿದ್ದಳು.

ಏಜೆಂಟರು ನಮೂನೆಗಳನ್ನು ಒಯ್ದರು. ಮಳೆಗಾಲದ ಹೊತ್ತಿಗೆ ತಿದ್ದಿದ ನಕ್ಷೆ ಬಂತೆಂದು ತಿಳಿಯಿತು. ಅತ್ತೆಯ ಉದ್ದ, ಅತ್ತೆಯ ತುದಿ, ಅತ್ತೆಯ ಸಾಲು. ಕೆಲಸ ಮಾತ್ರ ಬೇರೆ ದೊಡ್ಡ ಕಾರ್ಖಾನೆಗೆ ಹೋಗಿತ್ತು. ಏಜೆಂಟರು ತಲೆ ತಗ್ಗಿಸಿ ಹೇಳಿದರು. "ಈಗ ಕೆರಿಯಂಗಿಲ್ಲ ಅಲ್ಲ? ಮತ್ತೇನ" ಎಂದು ಅವಳು ಅವರಿಗೆ ಚಹಾ ಕೊಟ್ಟಳು. ಶ್ರಾವಣದಲ್ಲಿ ಲೇಥು ಹೋಯಿತು. ಆ ಪಡಸಾಲೆಯೂ ಈಗಿಲ್ಲ. ಅಲ್ಲಿ ನಾಲ್ಕು ಮಹಡಿ ಎದ್ದಿವೆ. ಉಳಿದಿದ್ದ ಹಿಡಿ ಮೊಳೆಗಳನ್ನು ಅತ್ತೆ ತನ್ನ ಟೈರಿನ ಚಪ್ಪಲಿಯ ಅಡಿಗೆ ಕೂರಿಸಿಕೊಂಡಳು, ಸಾಲು ತಪ್ಪಿಸಿ. ಖಾನಾಪುರದ ನಮ್ಮ ಹೊಲಕ್ಕೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲು ಮಳೆಗಾಲದಲ್ಲಿ ಪಾಚಿಗಟ್ಟಿ ಗಂಡಸರನ್ನೂ ಕೆಡವುತ್ತಿತ್ತು. ಅವಳು ಕಟ್, ಕಟ್ ಎಂದು ನೆಟ್ಟಗೆ ಇಳಿಯುತ್ತಿದ್ದಳು, ಯಾರ ಕೈಯನ್ನೂ ಹಿಡಿಯದೆ. ಎಷ್ಟೋ ವರ್ಷಗಳ ಮೇಲೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓಡುವ ಪಟ್ಟಾಕ್ಕೆ ಬಿಡಬೇಕಾದ ಅಂತರದ ಪಾಠ ಬಂದಾಗ ನಾನು ಟಿಪ್ಪಣಿ ಬರೆದುಕೊಳ್ಳಲಿಲ್ಲ.

ಹೋದ ಆಷಾಢದಲ್ಲಿ ಅವಳನ್ನು ಅದೇ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಮಾಡಿದೆವು. ಮಳೆ ಹಿಡಿದಿತ್ತು. "ಹೆಣ್ಮಕ್ಕಳು ಇಲ್ಲೇ ನಿಲ್ಲರಿ, ಕೆಳಗ ಜಾರತೈತಿ" ಎಂದ ಅಪ್ಪ. ನಾನು ಕೈಚೀಲದಿಂದ ಆ ಚಪ್ಪಲಿ ತೆಗೆದು ಹಾಕಿಕೊಂಡೆ. ಹಿಮ್ಮಡಿಯಲ್ಲಿ ಒಂದು ಬೆರಳು ದೊಡ್ಡವು. ಮೊದಲ ಮೆಟ್ಟಿಲಿನ ಸದ್ದಿಗೇ ಅಪ್ಪ ತಿರುಗಿದ.

"ಅಕ್ಕನವು ಏನ?"

"ಹೂಂ."

ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ತೋಡಿದ ಕುಣಿಯ ಅಂಚಿನಲ್ಲಿ ಚಪ್ಪಲಿ ಬಿಟ್ಟು ಮೂರು ಹಿಡಿ ಮಣ್ಣು ಕೊಟ್ಟೆ. ಮರಳುವಾಗ ನಡುವಿನ ಮೆಟ್ಟಿಲಲ್ಲಿ ಅಪ್ಪನ ಕಾಲು ಜಾರಿತು. ಅವನ ಕೈ ನನ್ನ ಹೆಗಲಿಗೆ ಬಂತು, ಮೇಲೆ ಮುಟ್ಟುವವರೆಗೂ ಅಲ್ಲೇ ಇತ್ತು. ಮೊಳೆಗಳು ಒಂದೊಂದೇ ಮೆಟ್ಟಿಲು ಕಚ್ಚಿದವು, ಬಿಟ್ಟವು, ಮತ್ತೆ ಕಚ್ಚಿದವು.