ಚಹಾ ಗಿಡದೆತ್ತರದ ಮಕ್ಕಳು

ನಾನು ನೀಲಗಿರಿಯ ನಡುವಟ್ಟಂಗೆ ಬಂದ ಮರುದಿನ ಬೆಳಿಗ್ಗೆ, ತೋಟದಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಚಹಾ ಗಿಡದ ಪಕ್ಕ ನಿಲ್ಲಿಸುತ್ತಿದ್ದರು. ಆಟವೆಂದುಕೊಂಡು ನಗುತ್ತ ನೋಡಿದೆ. ಗಿಡದ ನೆತ್ತಿ ಮಗುವಿನ ಎದೆಗಿಂತ ಕೆಳಗಿದ್ದರೆ ಮೇಸ್ತ್ರಿ ಎಲೆ ಕೀಳುವ ಬುಟ್ಟಿ ಕೊಡುತ್ತಿದ್ದ. ಇಲ್ಲವಾದರೆ "ಇಸ್ಕೂಲುಕ್ಕು ಪೋ" ಎಂದು ಶಾಲೆಗೆ ಅಟ್ಟುತ್ತಿದ್ದ. ಬುಟ್ಟಿ ಹೊತ್ತವರು ಮತ್ತೆ ಶಾಲೆಯ ಕಡೆ ತಲೆಹಾಕುವುದಿಲ್ಲವೆಂದು ಆಮೇಲೆ ತಿಳಿಯಿತು.

ನಮ್ಮ ಮೈಸೂರಿನಲ್ಲಿ ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದ ಮಗುವನ್ನು ಶಾಲೆಗೆ ಸೇರಿಸುತ್ತಾರೆ. ಅಲ್ಲಿ ಬೆಳೆದರೆ ಒಳಕ್ಕೆ, ಇಲ್ಲಿ ಬೆಳೆದರೆ ಹೊರಕ್ಕೆ. ಯಾರ ಮಕ್ಕಳು ಎಷ್ಟು ಓದುತ್ತಾರೆ, ಯಾರ ಪಾಲಿಗೆ ಯಾವ ಕೆಲಸ ಬರುತ್ತದೆ ಎಂದು ವಿಚಾರಿಸಿ ಬರಲು ಸಮಾಜಶಾಸ್ತ್ರದ ನಮ್ಮ ಪ್ರೊಫೆಸರು ನನ್ನನ್ನು ಕಳಿಸಿದ್ದರು. ಪ್ರಶ್ನೆಗಳನ್ನೆಲ್ಲ ಬೆಚ್ಚಗೆ ಕೂತು ಬರೆದಿದ್ದೆವು. ಗಿಡದ ಎತ್ತರ ಕೇಳಬೇಕೆಂದು ಹೊಳೆದಿರಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ ಮಗ ಅಲ್ಲೇ ಬೇಲಿಗೆ ಒರಗಿ ನಿಂತಿದ್ದ, ಎಲ್ಲರಿಗಿಂತ ಉದ್ದದ ಹುಡುಗ. ಅವನನ್ನು ಯಾರೂ ಅಳೆಯಲಿಲ್ಲ.

ನನಗೆ ಬಿಡಾರ ಸಿಕ್ಕಿದ್ದು ಲೈನಿನಲ್ಲಿ. ಲೈನು ಎಂದರೆ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೂಲಿಗಳ ಕೋಣೆಗಳು. ಚಳಿಗೆ ಬೆರಳು ಮರಗಟ್ಟುತ್ತಿತ್ತು, ಸುತ್ತ ತಿಳಿಯದ ತಮಿಳು. ಅಳು ಬರುವಷ್ಟು ಒಂಟಿತನ. ಪಕ್ಕದ ಕೋಣೆಯ ಕೆಂಪಮ್ಮ ಗುಂಡ್ಲುಪೇಟೆ ಕಡೆಯವಳು. ಅವಳ ಮುದ್ದೆ, ಅವಳ ಕನ್ನಡ, ಇವೆರಡರಿಂದ ನಾನು ಉಳಿದೆ. ಅವಳ ಮಗಳು ದೇವಿ ಸಂಜೆ ಸ್ಲೇಟು ಹಿಡಿದು ನನಗೆ ತಮಿಳು ಅಕ್ಷರ ತಿದ್ದಿಸುತ್ತಿದ್ದಳು. ಅಂಗಡಿಯ ಬೋರ್ಡನ್ನು ತಪ್ಪಿಲ್ಲದೆ ಓದಿದ ದಿನ ನನಗಿಂತ ಅವಳೇ ಹೆಚ್ಚು ಹಿಗ್ಗಿದಳು.

ದೇವಿ ಗಿಡವನ್ನು ಮೀರಿ ಬೆಳೆದು ವರ್ಷವೇ ಆಗಿತ್ತು. "ಲಂಗದೊಳ್ಗ ಮೊಣಕಾಲ ವಸಿ ಬಗ್ಸು ಮಗಾ, ತಲ ಮಾತ್ರ ನೆಟ್ಗಿರ್ಲಿ" ಎಂದು ತಾಯಿ ಗೋಡೆಯ ಪಕ್ಕ ನಿಲ್ಲಿಸಿ ಅಭ್ಯಾಸ ಮಾಡಿಸುತ್ತಿದ್ದಳು. ಶಾಲೆ ಉಳಿದಿದ್ದು ಅಷ್ಟರಿಂದಲೇ.

ಆ ವರ್ಷ ಕವಾತು ಬಂತು. ಹಳೆಯ ಗಿಡಗಳನ್ನು ತಗ್ಗಾಗಿ ಕಡಿದುಬಿಡುವುದಕ್ಕೆ ಇಲ್ಲಿ ಹಾಗೆನ್ನುತ್ತಾರೆ. ಚಿಗುರು ಬಂದ ಮೇಲೆ ಮೇಸ್ತ್ರಿ ಆ ತಗ್ಗು ಗಿಡಗಳ ಪಕ್ಕವೇ ಮಕ್ಕಳನ್ನು ಅಳೆದ. ದೇವಿ ಮೊಣಕಾಲು ಬಗ್ಗಿಸಿದಳು. ಇನ್ನೂ ಬಗ್ಗಿಸಿದಳು. ಕೊನೆಗೆ ಕುಕ್ಕರುಗಾಲಲ್ಲಿ ಕೂತೇಬಿಟ್ಟಳು. ಮೇಸ್ತ್ರಿ ನಗುತ್ತ ಬುಟ್ಟಿ ಕೊಟ್ಟ.

ನಾನು ತೋಟದ ದೊರೆಯ ಹತ್ತಿರ ಹೋಗಿ ಬೇಡಿಕೊಂಡೆ. "ಚಿಕ್ಕ ಕೈಗೆ ಚಿಗುರು ನಲುಗುವುದಿಲ್ಲ" ಎಂದ. ಅವನ ಮಗಳು ದೇವಿಯ ಓರಗೆಯವಳು, ಉದಕಮಂಡಲದ ಶಾಲೆಯಲ್ಲಿ ಓದುತ್ತಿದ್ದಳು.

"ನಾ ಅವ್ಳ್ಗ ಬಗ್ಗೋದ ಕಲ್ಸಿದ್ದಿ ಬುದ್ದಿ," ಎಂದಳು ಕೆಂಪಮ್ಮ. "ಗಿಡಾನೂ ತಗ್ತದ ಅಂತ ಗೊತ್ತಿರ್ನಿಲ್ಲ." ಸ್ಲೇಟು ನನ್ನ ಕೋಣೆಯಲ್ಲೇ ಉಳಿಯಿತು.

ರಜಕ್ಕೆ ಮೈಸೂರಿಗೆ ಹೋದೆ. ಅಕ್ಕನ ಮಗನನ್ನು ಶಾಲೆಗೆ ಸೇರಿಸುವ ದಿನ. ಮನೆಯಲ್ಲಿ ಒಬ್ಬಟ್ಟಿನ ಊಟ, ನಗು. ನನ್ನವರ ನಡುವೆಯೇ ನಾನು ನೆಂಟನಂತೆ ಕೂತಿದ್ದೆ. "ಎಲ್ಲಿ, ಕಿವಿ ಮುಟ್ಟು ಮಗು" ಎಂದರು ಮೇಷ್ಟರು. ಎಲ್ಲರೂ ಅವನ ಕೈ ನೋಡುತ್ತಿದ್ದರು. ನಾನು ಅವನ ಮೊಣಕಾಲು ನೋಡುತ್ತಿದ್ದೆ.